ಇನ್ನರ್ಧ ಸುತ್ತು

ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಮೂವತ್ತಾರು ವರ್ಷ ಪೈಪು ಕೂಡಿಸಿ ನಿವೃತ್ತನಾದ ಫಿಟ್ಟರನಿಗೆ ಜೊತೆಯವರು ಇಟ್ಟ ಹೆಸರು ‘ಅರ್ಧಸುತ್ತು’. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಯಾವ ನಟ್ಟನ್ನು ಯಾರು ಎಷ್ಟೇ ಬಿಗಿದಿರಲಿ, ಇವನು ಬಂದು ಬಗ್ಗಿ ನೋಡಿ, ಮೂಗಿನಲ್ಲೇ ಒಂದು ಹೂಂಕಾರ ಹೊರಡಿಸಿ, “ಇನ್ನರ್ಧ ಸುತ್ತು” ಎಂದು ಸ್ಪ್ಯಾನರ್ ಹಾಕುತ್ತಿದ್ದ. ಆ ಅರ್ಧ ಸುತ್ತಿನಿಂದ ಎಷ್ಟು ಸೋರಿಕೆ ನಿಂತವೋ ಯಾರೂ ಎಣಿಸಲಿಲ್ಲ. ಎಷ್ಟು ನಲ್ಲಿಗಳ ಕತ್ತು ಮುರಿಯಿತು ಎಂಬುದು ಮಾತ್ರ ಎಲ್ಲರ ಬಾಯಲ್ಲೂ ಇತ್ತು. ಒಮ್ಮೆ ದೊಡ್ಡ ಸಾಹೇಬರ ಬಚ್ಚಲಿನ ನಲ್ಲಿ ಇವನ ಕೈಗೇ ಬಂದು, ಸಾಹೇಬರು ಮುಖದ ತುಂಬ ಸೋಪು ಹಚ್ಚಿಕೊಂಡು, ಕಣ್ಣು ಬಿಡಲಾಗದೆ, ಗೋಡೆ ತಡವುತ್ತ ಮುಕ್ಕಾಲು ಗಂಟೆ ನಿಂತಿದ್ದರು. ನಿವೃತ್ತನಾಗಿ ಎರಡು ತಿಂಗಳಿಗೆ ಪಂಪ್‌ಹೌಸಿನಿಂದ ಕರೆ ಬಂತು. ಇವನು ಬಿಗಿದು ಹೋಗಿದ್ದ ಒಂದು ವಾಲ್ವನ್ನು ತೆಗೆಯಲು ಯಾರ ಕೈಯಲ್ಲೂ ಆಗುತ್ತಿಲ್ಲವಂತೆ. ಫಿಟ್ಟರ್ ಎದೆಯುಬ್ಬಿಸಿಕೊಂಡು ಹೋದ. ಇವನ ಕೈಯಲ್ಲೂ ಆಗಲಿಲ್ಲ. ಕೊನೆಗೆ ಗ್ಯಾಸ್ ಹಚ್ಚಿ ಕತ್ತರಿಸಿದರು.

“ನೋಡಿದ್ಯಾ, ನಾನು ಬಿಗಿದದ್ದು ನನಗೇ ಬಗ್ಗಲ್ಲ” ಎಂದು ಮನೆಗೆ ಬಂದು ಮಗಳ ಮುಂದೆ ಅದನ್ನೂ ಹೆಗ್ಗಳಿಕೆಯಾಗಿ ಹೇಳಿಕೊಂಡ. ಮಗಳು ನಗಲಿಲ್ಲ. ಅಪ್ಪ ಮುಚ್ಚಿಟ್ಟ ಸಕ್ಕರೆ ಡಬ್ಬಿ ತೆಗೆಯಲಾಗದೆ ಆಗಷ್ಟೇ ಅವಳು ಸಪ್ಪೆ ಚಹಾ ಕುಡಿದಿದ್ದಳು.

ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣಳತೆ ತೆಗೆಯುವವಳು. ಅಳಿಯ ಗ್ರಂಥಾಲಯದಲ್ಲಿ ಗುಮಾಸ್ತ. ಬಲ್ಬು ಬದಲಾಯಿಸುವುದಕ್ಕೂ ಮೊದಲು ಎರಡು ಪುಸ್ತಕ ತೆಗೆದು ನೋಡುವ ಮನುಷ್ಯ. ಮೂವರೂ ಎರಡನೇ ಮಹಡಿಯ ಮನೆಯಲ್ಲಿದ್ದರು. ಕೆಳಗೆ ಮೆಟ್ಟಿಲಡಿ ಫಿಟ್ಟರನ ಸೈಕಲ್ ಇರುತ್ತಿತ್ತು.

ಆ ಸೈಕಲ್ಲಿಗೆ ದಿನವೂ ಒಂದು ಕೆಲಸವಿತ್ತು. ಕಾಲುವೆಯ ಆಚೆ, ನಾಲ್ಕು ಮೈಲಿಗೆ ಸ್ವಲ್ಪ ಕಡಿಮೆ ದೂರದಲ್ಲಿ, ಫಿಟ್ಟರನ ಅಕ್ಕ ಒಬ್ಬಳೇ ಒಂದು ಕೋಣೆಯಲ್ಲಿದ್ದಳು. ಇವನಿಗಿಂತ ಎಂಟು ವರ್ಷ ದೊಡ್ಡವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯವಿಡೀ ಬೇರೆಯವರ ಮಾತು ಜೋಡಿಸಿದವಳು, ಈಗ ತನ್ನ ಮಾತನ್ನು ಯಾರಿಗೂ ಬಿಟ್ಟುಕೊಡದವಳು. ಅವಳ ಎರಡು ಕಣ್ಣಿಗೂ ಬೆಳಿಗ್ಗೆ ಹತ್ತು ಗಂಟೆಗೆ ಔಷಧದ ಹನಿ ಬೀಳಬೇಕು. ಫಿಟ್ಟರ್ ಹೋಗಿ ಹನಿ ಹಾಕಿ, ಅವಳ ಜೊತೆ ಒಂದು ಗಂಟೆ ಇಸ್ಪೀಟಾಡಿ, ಸೋತು ಬರುತ್ತಿದ್ದ. ಬಸ್ಸಿನಲ್ಲಿ ಹೋಗಬೇಕೆಂದರೆ ಎರಡು ಕಡೆ ಇಳಿದು ಹತ್ತಬೇಕು, ಅದೂ ಹತ್ತಕ್ಕೆ ಸರಿಯಾಗಿ ಸಿಗುವುದಿಲ್ಲ. ಸೈಕಲ್ ಇದ್ದರೆ ಅಕ್ಕ, ಇಲ್ಲದಿದ್ದರೆ ಭಾನುವಾರಕ್ಕೊಮ್ಮೆ ಮಗಳಿಗೆ ಬಿಡುವಾದಾಗ ಅಕ್ಕ. ವಿಷಯ ಇಷ್ಟೇ.

ಈ ವಿಷಯಕ್ಕೆ ಮಗಳು ಹೋದ ವರ್ಷ ಒಂದು ಗೆರೆ ಎಳೆದಿದ್ದಳು. ಗೇಟಿನ ಹತ್ತಿರ ಯಾರೋ ನೀರಿನ ಪೈಪು ಹಾಸಿಬಿಟ್ಟಿದ್ದರು. ಅದರ ಮೇಲೆ ಹತ್ತಿ ಫಿಟ್ಟರ್ ಬಿದ್ದು ಮೊಣಕೈಗೆ ಆರು ಹೊಲಿಗೆ ಹಾಕಿಸಿಕೊಂಡಿದ್ದ. ಜೀವಮಾನವೆಲ್ಲ ಪೈಪನ್ನೇ ನಂಬಿದವನನ್ನು ಪೈಪೇ ಬೀಳಿಸಿತ್ತು.

“ಅಪ್ಪಾ, ಇದೇ ಕೊನೆ. ಇನ್ನೊಂದ್ಸಲ ಬ್ಯಾಲೆನ್ಸ್ ತಪ್ಪಿದ್ರೆ ಸೈಕಲ್ ಯಾರಿಗಾದ್ರೂ ಕೊಟ್ಬಿಡ್ತೀನಿ. ಜಗಳ ಆಡೋಹಾಗಿಲ್ಲ.”

“ಆಡಲ್ಲ” ಎಂದಿದ್ದ ಫಿಟ್ಟರ್. ಹೊಲಿಗೆ ಹಾಕಿಸಿಕೊಳ್ಳುವಾಗ ಯಾರೂ ಜಗಳವಾಡುವುದಿಲ್ಲ.

ಇಷ್ಟೆಲ್ಲ ಇರುವಾಗ, ಈ ವರ್ಷ ಸೊಂಟ ಹಿಡಿಯತೊಡಗಿತು. ಮಗಳೇ ನೋಡಿ ಹೇಳಿದಳು: “ನೀನು ತುಂಬಾ ಬಗ್ಗಿ ಕೂತ್ಕೋತೀಯ. ಹ್ಯಾಂಡಲ್ ಸ್ವಲ್ಪ ಮೇಲೆ ಎತ್ತಿಸ್ಕೋ. ಸೇತುವೆ ಹತ್ರ ಸೈಕಲ್ ಅಂಗಡಿ ಇದೆಯಲ್ಲ, ಐದು ನಿಮಿಷದ ಕೆಲಸ.”

“ಒಂದು ಬೋಲ್ಟು ಸಡಿಲ ಮಾಡೋಕೆ ನಾನು ಇನ್ನೊಬ್ಬನ ಅಂಗಡಿಗೆ ಹೋಗ್ಲಾ?” ಎಂದ ಫಿಟ್ಟರ್. “ಆನೆಗಾತ್ರದ ಪೈಪು ಕೂಡ್ಸಿದವನು ನಾನು.”

“ಆನೆಗಾತ್ರದ್ದು ಕೂಡ್ಸಿದೀಯ, ಸರಿ. ಇದು ಸೈಕಲ್ಲು.”

ಮಾತು ಅಲ್ಲಿಗೆ ನಿಂತಿತು. ಮಗಳು ಕೆಲಸಕ್ಕೆ ಹೋದಳು. ಫಿಟ್ಟರ್ ಅಕ್ಕನ ಮನೆಯಿಂದ ಬಂದವನೇ ಮಂಚದಡಿಯ ಹಸಿರು ಬಣ್ಣದ ಕಬ್ಬಿಣದ ಸ್ಪ್ಯಾನರ್ ಪೆಟ್ಟಿಗೆ ಎಳೆದ.

ಹ್ಯಾಂಡಲನ್ನು ಎತ್ತುವ ಕೆಲಸ ನಿಜಕ್ಕೂ ಸಣ್ಣದು. ನಡುವಿನ ಉದ್ದ ಬೋಲ್ಟನ್ನು ಸಡಿಲಿಸಿ, ಅದರ ತಲೆಗೆ ಮರದ ತುಂಡಿಟ್ಟು ಒಂದು ಪೆಟ್ಟು ಕೊಟ್ಟರೆ ಒಳಗಿನ ಬೆಣೆ ಬಿಡುತ್ತದೆ. ಮೂರು ಬೆರಳಷ್ಟು ಮೇಲೆತ್ತಿ, ಮುಂದಿನ ಚಕ್ರಕ್ಕೆ ನೇರ ಮಾಡಿ, ಮತ್ತೆ ಬಿಗಿದರೆ ಮುಗಿಯಿತು. ಫಿಟ್ಟರ್ ಅಷ್ಟನ್ನೂ ಸರಿಯಾಗಿಯೇ ಮಾಡಿದ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕೆಳಗೆ, ಸೈಕಲ್ಲಿನ ಕತ್ತಿನ ಹತ್ತಿರ, ಇನ್ನೊಂದು ದೊಡ್ಡ ಅಗಲವಾದ ನಟ್ಟು ಕಂಡಿತು. ಸುಮ್ಮನೆ ಸ್ಪ್ಯಾನರ್ ಇಟ್ಟು ನೋಡಿದ. ಅದು ತಿರುಗಿತು.

ತಿರುಗುವ ನಟ್ಟನ್ನು ಕಂಡರೆ ಫಿಟ್ಟರನಿಗೆ ಅಳುವ ಮಗುವನ್ನು ಕಂಡಂತೆ ಜೀವ ಕಲಕುತ್ತಿತ್ತು. “ಇದನ್ನ ಹೀಗೇ ಬಿಟ್ಟಿದ್ದಾರಲ್ಲಪ್ಪ” ಎಂದು ಲೋಕದ ಬೇಜವಾಬ್ದಾರಿಗೆ ತಲೆಯಾಡಿಸಿದ. ಮೂಗಿನಿಂದ ಹೂಂಕಾರ ಬಂತು. ಇನ್ನರ್ಧ ಸುತ್ತು.

ಮರುದಿನ ಒಂಬತ್ತೂಕಾಲಿಗೆ ಸೈಕಲ್ ಹತ್ತಿದ. ಸೊಂಟ ನೆಟ್ಟಗಿತ್ತು, ಮನಸ್ಸೂ ನೆಟ್ಟಗಿತ್ತು, ಸೈಕಲ್ ಮಾತ್ರ ನೆಟ್ಟಗೆ ಹೋಗಲೊಲ್ಲದು. ಎಡಕ್ಕೆ ವಾಲಿತು. ಬಲಕ್ಕೆ ತಿರುಗಿಸಿದ, ಅಗತ್ಯಕ್ಕಿಂತ ಹೆಚ್ಚು ಬಲಕ್ಕೆ ಹೋಯಿತು. ಎಡಕ್ಕೆ ಎಳೆದ, ಚರಂಡಿಯ ಅಂಚಿಗೆ ಹೋಯಿತು. ರಸ್ತೆಯ ಮೇಲೆ ಹಾವು ಹರಿದ ಹಾಗೆ ಇಡೀ ಬೀದಿಯನ್ನು ಅಳೆದು, ಮೂಲೆಯ ಇಸ್ತ್ರಿ ಅಂಗಡಿಯ ಮುಂದೆ ನೇತು ಹಾಕಿದ್ದ ಯಾರದೋ ಬಿಳಿ ಅಂಗಿಯನ್ನು ತಬ್ಬಿಕೊಂಡು ನಿಂತ.

“ಏನ್ ಯಜಮಾನ್ರೇ, ಬೆಳಿಗ್ಗೆ ಬೆಳಿಗ್ಗೆನೇ?” ಎಂದ ಇಸ್ತ್ರಿಯವನು, ಮೂಗಿಗೆ ವಾಸನೆ ಬರುತ್ತದೆಯೇ ಎಂದು ಸ್ವಲ್ಪ ಹತ್ತಿರ ಬಂದು.

ಇಸ್ತ್ರಿಯವನ ಮಾತು ಫಿಟ್ಟರನ ಕಿವಿಗೆ ಬೀಳಲಿಲ್ಲ. ಇನ್ನೊಂದು ಮಾತು ತಲೆಯೊಳಗೆ ಕೇಳಿಸಿತು: ಬ್ಯಾಲೆನ್ಸ್ ಹೋಯಿತು. ಮಗಳು ಹೇಳಿದ್ದೇ ಆಯಿತು.

ಸೈಕಲ್ಲಿನ ಮೇಲೆ ಅನುಮಾನ ಪಡಬಹುದಿತ್ತಲ್ಲ? ಪಡಲಿಲ್ಲ. ಹೇಗೆ ಪಡುತ್ತಾನೆ? ಅದನ್ನು ಹಿಂದಿನ ದಿನವಷ್ಟೇ ಅವನೇ ಕೈಯಾರೆ ನೋಡಿದ್ದ. ಇನ್ನು ಕೆಟ್ಟಿರುವುದಕ್ಕೆ ಉಳಿದಿದ್ದು ಒಂದೇ, ತಾನು.

ಅಂದಿನಿಂದ ಫಿಟ್ಟರ್ ತನ್ನನ್ನೇ ತಪಾಸಣೆಗೆ ಹಾಕಿಕೊಂಡ. ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಒಂಟಿ ಕಾಲಲ್ಲಿ ನಿಂತು ಐವತ್ತರವರೆಗೆ ಎಣಿಸಿದ. ಬೀಳಲಿಲ್ಲ. ಆದರೆ ಎಣಿಕೆಯಲ್ಲಿ ಮೂವತ್ತೇಳು ಬಿಟ್ಟುಹೋದಂತೆ ಅನಿಸಿ, ಮರೆವೂ ಶುರುವಾಗಿದೆ ಎಂದು ಇನ್ನಷ್ಟು ಕುಸಿದ. ಮಗಳು ಅಳಿಯ ಇಲ್ಲದಾಗ ನೆಲದ ಹಾಸುಕಲ್ಲಿನ ಗೆರೆಯ ಮೇಲೆ ಕೈ ಚಾಚಿಕೊಂಡು ನಡೆದ. ಎದುರುಮನೆಯಾಕೆ ಕಿಟಕಿಯಿಂದ ನೋಡಿ, ಮಕ್ಕಳು ವಿಮಾನದಾಟ ಆಡುವುದನ್ನು ಕಂಡವಳಂತೆ ಕೈ ಬೀಸಿದಳು. ಕೊನೆಗೆ ಯಾರಿಗೂ ಹೇಳದೆ ಕಿವಿ ಡಾಕ್ಟರ ಹತ್ತಿರ ಹೋದ, ಬ್ಯಾಲೆನ್ಸ್ ಎಂಬುದು ಕಿವಿಯೊಳಗೆ ಇರುತ್ತದೆಂದು ಹಿಂದೆ ಅಳಿಯ ಯಾವುದೋ ಪುಸ್ತಕದಿಂದ ಓದಿ ಹೇಳಿದ್ದು ನೆನಪಿತ್ತು.

ಡಾಕ್ಟರು ಅವನನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ಗಿರಗಿರನೆ ಸುತ್ತಿಸಿದರು. ಕಣ್ಣು ಮುಚ್ಚಿಸಿ ನಡೆಸಿದರು. “ನಿಮ್ಮ ಕಿವಿಗೆ ಏನೂ ಆಗಿಲ್ಲ. ನನ್ನದಕ್ಕಿಂತ ಚೆನ್ನಾಗಿದೆ” ಎಂದರು.

ಡಾಕ್ಟರಿಗೆ ಇನ್ನೂ ನಲವತ್ತಾಗಿರಲಿಲ್ಲ. ಪಾಪ, ಇನ್ನೂ ಅನುಭವ ಸಾಲದು ಎಂದುಕೊಂಡು ಫಿಟ್ಟರ್ ಎದ್ದುಬಂದ.

ಆದರೆ ಅಕ್ಕನ ಕಣ್ಣು ಕಾಯುವುದಿಲ್ಲ. ಹಾಗಾಗಿ ಒಂದು ಉಪಾಯ ಹೂಡಿದ. ಮಗಳು ಬಾಲ್ಕನಿಯಲ್ಲಿ ನಿಂತಿದ್ದರೆ ಅವಳಿಗೆ ಕಾಣುವಷ್ಟು ದೂರ, ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಸೈಕಲ್ ಹೊಡೆಯುವುದು. ಮೂಲೆ ತಿರುಗಿದ ಕೂಡಲೇ ಇಳಿದು, ಅಲ್ಲಿಂದ ಅಕ್ಕನ ಮನೆಯವರೆಗೆ ತಳ್ಳಿಕೊಂಡು ನಡೆಯುವುದು. ತಳ್ಳುವಾಗಲೂ ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಲು ಕಷ್ಟವಾಗುತ್ತಿತ್ತು. “ಕೈಯಲ್ಲಿ ಕಸುವೂ ಹೋಯ್ತು” ಎಂದು ಅದನ್ನೂ ತನ್ನ ವಯಸ್ಸಿನ ಮೇಲೆಯೇ ಹೇರಿದ.

ದಾರಿಯಲ್ಲಿ ಕೇಳದವರಿಲ್ಲ. “ಏನಾಯ್ತು, ಪಂಚರ್ರಾ?” “ಹೂಂ, ಪಂಚರ್.” ಮೊದಲ ದಿನ ಹೇಳಿದ ಸುಳ್ಳು ಎರಡನೇ ದಿನವೂ ಬಾಯಿಗೆ ಬಂತು. ಮೂರನೇ ದಿನಕ್ಕೆ ಕೇಳುವವರಿಗಿಂತ ಮೊದಲು ಇವನೇ “ಪಂಚರ್” ಎಂದು ಹೇಳಿಬಿಡುತ್ತಿದ್ದ, ಜನ ನಮಸ್ಕಾರ ಹೇಳುವ ಹಾಗೆ.

ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡು ಹತ್ತೂಮುಕ್ಕಾಲು ಆಗಿರುತ್ತಿತ್ತು.

“ಲೋ, ಈಗ ಬರೋದಾ ನೀನು?” ಎನ್ನುತ್ತಿದ್ದಳು ಅಕ್ಕ, ಕುರ್ಚಿಯಲ್ಲಿ ತಲೆ ಹಿಂದಕ್ಕೆ ಹಾಕಿ ಸಿದ್ಧವಾಗಿ ಕೂತು. “ಮುಕ್ಕಾಲು ಗಂಟೆಯಿಂದ ಚಾವಣಿ ನೋಡ್ತಾ ಕೂತಿದೀನಿ. ಅಲ್ಲಿ ಮೂರು ಜೇಡ ಇವೆ, ಹೆಸರಿಡೋದೊಂದು ಬಾಕಿ.”

“ನೀನೇ ಹಾಕ್ಕೋಬಾರ್ದಾ ಅಕ್ಕ, ಒಂದು ದಿನ?”

“ಹೇಗೆ ಹಾಕ್ಕೊಳ್ಳಲಿ? ಆ ಮುಚ್ಚಳ ನೀನು ಹಾಕಿ ಹೋದ್ಮೇಲೆ ತೆಗೆಯೋ ಗಂಡಸು ಈ ಬೀದೀಲಿ ಇಲ್ಲ.”

ಅದೂ ನಿಜವೇ. ಬೆರಳುಗಾತ್ರದ ಔಷಧದ ಬಾಟಲಿಗೂ ಅವನು ಇನ್ನರ್ಧ ಸುತ್ತು ಹಾಕದೆ ಬಿಟ್ಟವನಲ್ಲ.

ಹೀಗೆ ಹನ್ನೊಂದು ದಿನ ನಡೆಯಿತು. ಹನ್ನೆರಡನೇ ದಿನ ಸೇತುವೆಯ ಬುಡದಲ್ಲಿ ಸೈಕಲ್ ಅಂಗಡಿಯವನು ರಸ್ತೆಗೆ ಅಡ್ಡ ನಿಂತಿದ್ದ. ಅರವತ್ತು ದಾಟಿದ ಮನುಷ್ಯ, ದಪ್ಪ ಮೀಸೆ, ಹೆಗಲ ಮೇಲೆ ಮಸಿಬಟ್ಟೆ. ಅವನ ಕಣ್ಣು ಕೆಂಪಾಗಿತ್ತು.

“ನಿಲ್ಲಿ ಅಣ್ಣಾ. ನನ್ನಿಂದ ಏನು ತಪ್ಪಾಗಿದೆ ಹೇಳ್ಬಿಡಿ.”

“ತಪ್ಪಾ? ಏನಿಲ್ವಲ್ಲ.”

“ಹನ್ನೊಂದು ದಿನದಿಂದ ನಿಮಗೆ ಪಂಚರ್ ಅಂತೆ. ಊರೆಲ್ಲ ಹೇಳ್ತಿದೆ. ದಿನಾ ನನ್ನ ಅಂಗಡಿ ಮುಂದೇನೇ ತಳ್ಕೊಂಡು ಹೋಗ್ತೀರಿ. ಒಂದ್ಸಲ ಒಳಗೆ ತಿರುಗಿ ನೋಡಲ್ಲ. ಸೇತುವೆ ಆಚೆಯವನ ಹತ್ರ ಹಾಕಿಸ್ತೀರಾ? ಅವನು ಹಾಕೋ ಪ್ಯಾಚ್ ಒಂದು ದಿನ ನಿಲ್ಲಲ್ಲ ಅಂತ ಹನ್ನೊಂದು ದಿನ ನೋಡಿದ್ಮೇಲಾದ್ರೂ ಗೊತ್ತಾಗಬಾರ್ದಾ?”

ಫಿಟ್ಟರ್ ಬಾಯಿ ತೆರೆಯುವಷ್ಟರಲ್ಲಿ ಅವನು ಸೈಕಲ್ಲನ್ನು ಕಿತ್ತುಕೊಂಡು ಟೈರು ಒತ್ತಿ ನೋಡಿದ. ಹಿಂದಿನದು ಕಲ್ಲು. ಮುಂದಿನದು ಕಲ್ಲು.

“ಗಾಳಿ ಇದೆಯಲ್ರೀ!”

“ಇದೆ.”

“ಮತ್ಯಾಕೆ ತಳ್ತೀರಿ?”

ಫಿಟ್ಟರ್ ಕಾಲುವೆಯ ನೀರಿನ ಕಡೆ ನೋಡಿದ. ಆ ನೀರೂ ಒಂದು ಕಾಲಕ್ಕೆ ಇವನ ವಾಲ್ವಿನಿಂದ ಇಳಿದು ಬರುತ್ತಿದ್ದುದು. “ವಯಸ್ಸಾಯ್ತು ಮಾರಾಯ” ಎಂದ. “ಬ್ಯಾಲೆನ್ಸ್ ಹೋಗಿದೆ. ಮನೇಲಿ ಹೇಳ್ಬೇಡ.”

ಅಂಗಡಿಯವನ ಸಿಟ್ಟು ಇಳಿಯಿತು. ಮುಖದಲ್ಲಿ ಮರುಕ ಬಂತು. ಮರುಕದಿಂದಲೇ, ಅಂಗಡಿಯ ಒಳಗೆ ನಿಲ್ಲಿಸುತ್ತೇನೆ, ನೀವು ಕೂತು ನೀರು ಕುಡಿಯಿರಿ ಎಂದು ಸೈಕಲ್ ಹತ್ತಿ ಹತ್ತು ಗಜ ಹೊಡೆಯಲು ಹೊರಟ. ಐದು ಗಜಕ್ಕೆ ಸೈಕಲ್ ಎಡಕ್ಕೆ ವಾಲಿತು. ಬಲಕ್ಕೆ ಎಳೆದ. ನಲವತ್ತು ವರ್ಷದಿಂದ ಸೈಕಲ್ಲಿನ ಮೇಲೆಯೇ ಬದುಕಿದ ಮನುಷ್ಯ “ಅಯ್ಯಯ್ಯಯ್ಯೋ” ಎಂದು ಕೂಗುತ್ತ ತನ್ನದೇ ಅಂಗಡಿಯೊಳಗೆ ನುಗ್ಗಿ, ಪಂಚರ್ ನೋಡಲು ಇಟ್ಟಿದ್ದ ಕರಿನೀರಿನ ಟಬ್ಬಿನಲ್ಲಿ ಮೊಣಕಾಲುದ್ದ ಕಾಲಿಟ್ಟು ನಿಂತ. ಮೇಲೆ ನೇತಾಡುತ್ತಿದ್ದ ಟ್ಯೂಬುಗಳಲ್ಲಿ ಒಂದು ಹಾರದಂತೆ ಕೊರಳಿಗೆ ಬಿತ್ತು.

ಫಿಟ್ಟರ್ ಓಡಿಬಂದು ಸೈಕಲ್ಲನ್ನು ಹಿಡಿದುಕೊಂಡ.

“ನಿನಗೂ ಬ್ಯಾಲೆನ್ಸ್...” ಎಂದು ಫಿಟ್ಟರ್ ಅನುಕಂಪದಿಂದ ಶುರುಮಾಡಿದ.

“ಬ್ಯಾಲೆನ್ಸ್ ಅಲ್ಲ, ಮಣ್ಣು!” ಅಂಗಡಿಯವನು ಟಬ್ಬಿನಲ್ಲಿ ನಿಂತೇ ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ಒಂದು ಬೆರಳಿನಿಂದ ತಳ್ಳಿದ. ಸರಿಯಿರುವ ಸೈಕಲ್ಲಾದರೆ ಅದು ಬಾಗಿಲಿನಂತೆ ತಾನೇ ಒಂದು ಕಡೆಗೆ ವಾಲಬೇಕು. ಇದು ಅಲ್ಲಾಡಲಿಲ್ಲ. ಬಗ್ಗಿ ಕತ್ತಿನ ನಟ್ಟು ನೋಡಿದ. “ಯಾವ ಮಹಾನುಭಾವ ಇದನ್ನ ಮುಟ್ಟಿದ್ದು?”

ಫಿಟ್ಟರನಿಗೆ ಆ ಕ್ಷಣದಲ್ಲಿ ಎಲ್ಲವೂ ಹೊಳೆಯಿತು. ಒಂಟಿ ಕಾಲು, ಹಾಸುಕಲ್ಲಿನ ಗೆರೆ, ತಿರುಗುವ ಕುರ್ಚಿ, ಹನ್ನೊಂದು ದಿನದ ನಡಿಗೆ, ಎಲ್ಲವೂ ಸಾಲಾಗಿ ಬಂದು ಹಲ್ಲು ಕಿರಿದವು. ತನ್ನ ಕಿವಿ ಸರಿಯಿದೆ, ಕಾಲು ಸರಿಯಿದೆ ಎಂದು ಸಂತೋಷಪಡಬೇಕಿತ್ತು. ಆದರೆ ಬಾಯಿಂದ ಬಂದದ್ದು ಬೇರೆ.

“ಅಳಿಯ” ಎಂದ.

“ನಿಮ್ಮ ಅಳಿಯನಾ?” ಅಂಗಡಿಯವನು ಕಾಲನ್ನು ನೀರಿನಿಂದ ತೆಗೆದ. “ನಾನು ಗಾಳಿ ಹೊಡೀವಾಗ ಟೈರು ಸಿಡಿಯುತ್ತೇನೋ ಅಂತ ಕಿವಿ ಮುಚ್ಕೊಂಡು ರಸ್ತೆ ಆಚೆ ನಿಲ್ತಾರಲ್ಲ, ಅವರಾ? ಸುಮ್ನಿರಿ ಅಣ್ಣಾ. ನಟ್ಟಿನ ಮೂಲೆ ಒಂಚೂರೂ ಸವೆದಿಲ್ಲ. ಒಂದೇ ಎಳೆತಕ್ಕೆ ಕೂತಿದೆ. ಇದು ಸ್ಪ್ಯಾನರ್ ಹಿಡಿದು ಪಳಗಿದ ಕೈ.”

ಹೊಗಳಿಕೆಯೋ ಬೈಗುಳವೋ ತಿಳಿಯದೆ ಫಿಟ್ಟರ್ ಸ್ಟೂಲಿನ ಮೇಲೆ ಕೂತ.

“ಪೈಪಿನ ಕೆಲಸ ಬೇರೆ, ಇದು ಬೇರೆ” ಎಂದ ಅಂಗಡಿಯವನು, ನಟ್ಟಿಗೆ ಸ್ಪ್ಯಾನರ್ ಹಾಕುತ್ತ. “ಅಲ್ಲಿ ನೀವು ನಿಲ್ಲಿಸೋಕೆ ಅಂತ ಬಿಗೀತೀರಿ. ಇಲ್ಲಿ ಒಳಗೆ ಗುಂಡುಗಳಿವೆ, ಅವು ಉರುಳಬೇಕು. ಸೈಕಲ್ ನೇರ ಹೋಗುತ್ತೆ ಅಂತ ನಾವು ಅಂದ್ಕೋತೀವಿ. ಅದು ಯಾವತ್ತೂ ನೇರ ಹೋಗಲ್ಲ. ಎಳ್ಳಷ್ಟು ಆಕಡೆ, ಎಳ್ಳಷ್ಟು ಈಕಡೆ ಅದೇ ಸರಿ ಮಾಡ್ಕೋತಾ ಹೋಗುತ್ತೆ. ಕತ್ತು ಹಿಡಿದ್ಬಿಟ್ರೆ ಹೇಗೆ ಮಾಡ್ಕೊಳ್ಳುತ್ತೆ?”

ಅವನು ನಟ್ಟನ್ನು ಹಿಂದಕ್ಕೆ ತಿರುಗಿಸಿದ. ಫಿಟ್ಟರ್ ಕಣ್ಣಿಟ್ಟು ನೋಡಿದ. ಸರಿಯಾಗಿ ಅರ್ಧ ಸುತ್ತು.

ಆ ದಿನ ಅಕ್ಕನ ಮನೆಗೂ, ಅಲ್ಲಿಂದ ತನ್ನ ಮನೆಗೂ ಫಿಟ್ಟರ್ ಹಾರಿಕೊಂಡು ಹೋದ. ಇಸ್ತ್ರಿಯವನ ಮುಂದೆ ಬೇಕೆಂದೇ ಎರಡು ಸಲ ಓಡಾಡಿದ. ಯಾರಿಗೂ ಏನೂ ಹೇಳಬೇಕಾಗಿಲ್ಲ, ಗುಟ್ಟು ಟಬ್ಬಿನಲ್ಲೇ ಮುಳುಗಿತು ಎಂದುಕೊಂಡು ಮೆಟ್ಟಿಲು ಹತ್ತಿದ.

ಸಂಜೆ ಮಗಳು ಬಂದವಳು ಬ್ಯಾಗು ಕೂಡ ಇಳಿಸದೆ ಅವನ ಪಕ್ಕ ಕೂತಳು. ಬೈಯುವ ಮುಖವಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾಯಿತು.

“ಅಪ್ಪಾ, ಮಧ್ಯಾಹ್ನ ಅತ್ತೆ ಫೋನ್ ಮಾಡಿದ್ರು. ದಿನಾ ಬೆವರಿಳಿಸ್ಕೊಂಡು ತಳ್ಕೊಂಡು ಬರ್ತಾನೆ, ಪಂಚರ್ ಅಂತ ಸುಳ್ಳು ಹೇಳ್ತಾನೆ, ಅಂದ್ರು. ಇಸ್ತ್ರಿಯವನೂ ಹೇಳಿದ. ಕಿವಿ ಡಾಕ್ಟರ ಚೀಟಿ ನಿನ್ನ ಅಂಗಿ ಜೇಬಲ್ಲಿ ಸಿಕ್ತು.” ಅವಳು ಅವನ ಕೈ ಹಿಡಿದಳು. “ನಿನ್ನ ತಪ್ಪಲ್ಲ ಅಪ್ಪಾ. ವಯಸ್ಸು ಅಂದ್ರೆ ಹಾಗೇನೇ. ನಮ್ಮ ಅಂಗಡಿಗೆ ಬರೋರಲ್ಲಿ ದಿನಾ ನೋಡ್ತೀನಲ್ಲ. ಸೈಕಲ್ ನಮ್ಮ ಅಂಗಡಿ ಕಾವಲಿನವರಿಗೆ ಕೊಡ್ತೀನಿ ಅಂತ ಹೇಳಿದೀನಿ. ನಾಳೆ ಬರ್ತಾರೆ. ಅತ್ತೆ ಹತ್ರ ಭಾನುವಾರ ಇಬ್ರೂ ಹೋಗೋಣ. ಹನಿ ಹಾಕೋಕೆ ಯಾರಾದ್ರೂ ನರ್ಸಮ್ಮನ್ನ ಗೊತ್ತು ಮಾಡ್ತೀನಿ.”

ಅಳಿಯ ಬಾಗಿಲಲ್ಲಿ ನಿಂತು, ಸಾವಿನ ಮನೆಗೆ ಬಂದವನಂತೆ ಕೈ ಕಟ್ಟಿಕೊಂಡಿದ್ದ.

ಫಿಟ್ಟರನ ಮುಂದೆ ಎರಡೇ ದಾರಿ ಇದ್ದವು. ವಯಸ್ಸಾಯಿತು ಎಂದು ಒಪ್ಪಿಕೊಂಡರೆ ಮರ್ಯಾದೆ ಉಳಿಯುತ್ತದೆ, ಎಲ್ಲರೂ ಅಯ್ಯೋ ಪಾಪ ಎನ್ನುತ್ತಾರೆ, ಬಿಸಿನೀರು ಕಾಯಿಸಿ ಕೊಡುತ್ತಾರೆ. ನಟ್ಟಿನ ವಿಷಯ ಹೇಳಿದರೆ ಮೂವತ್ತಾರು ವರ್ಷದ ಮಾನ ಈ ಕೋಣೆಯಲ್ಲೇ ಹರಾಜು. ಚಾವಣಿಯ ಮೂರು ಜೇಡಗಳು ನೆನಪಾದವು. ಭಾನುವಾರದಿಂದ ಭಾನುವಾರಕ್ಕೆ ಅಕ್ಕ ಅವುಗಳಿಗೆ ಹೆಸರಿಟ್ಟು, ಮದುವೆಯನ್ನೂ ಮಾಡಿಸಿರುತ್ತಾಳೆ.

“ನನಗೇನೂ ಆಗಿಲ್ಲ” ಎಂದ. “ನಾನು ನಟ್ಟು ಬಿಗಿದುಬಿಟ್ಟಿದ್ದೆ.”

“ಯಾವ ನಟ್ಟು?”

“ಬಿಗಿಯಬಾರದ ನಟ್ಟು.” ಆಮೇಲೆ ಒಂದನ್ನೂ ಬಿಡದೆ ಹೇಳಿದ. ಬಚ್ಚಲಿನ ಒಂಟಿ ಕಾಲನ್ನೂ ಬಿಡಲಿಲ್ಲ. ಅಳಿಯನ ಮೇಲೆ ಹೇರಿದ್ದನ್ನು ಹೇಳುವಾಗ ನೆಲ ನೋಡಿದ.

ಮಗಳು ಅನುಮಾನದಿಂದ ನೋಡಿದಳು. “ಸೈಕಲ್ ಉಳಿಸ್ಕೊಳ್ಳೋಕೆ ಕಥೆ ಕಟ್ತಿದೀಯಾ?”

“ಕಟ್ಟೋದಾದ್ರೆ ನನ್ನ ಮಾನ ಉಳಿಯೋ ಕಥೆ ಕಟ್ತಿರಲಿಲ್ವೇನೇ?”

ಮೊದಲು ನಕ್ಕವನು ಅಳಿಯ. ಏಳು ವರ್ಷದಿಂದ ಮಾವನ ಸ್ಪ್ಯಾನರ್ ಪಾಠ ಕೇಳಿ ಕೇಳಿ ಸಾಕಾಗಿದ್ದ ಮನುಷ್ಯ, ಗೋಡೆಗೆ ಆನಿಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕ. “ಮಾವ, ನನ್ನ ಹೆಸರು ಹೇಳಿದ್ರಾ? ನನ್ನ ಕೈಲಿ ಅಷ್ಟು ಬಿಗಿಯೋಕಾಗುತ್ತೆ ಅಂತ ನಂಬಿದ್ರಾ? ಥ್ಯಾಂಕ್ಸ್ ಮಾವ.”

ಮಗಳು ಎಲ್ಲರನ್ನೂ ಕೆಳಗಿಳಿಸಿದಳು. ಫಿಟ್ಟರ್ ಗೇಟಿನಿಂದ ಗೋಡೆಯವರೆಗೆ, ಗೋಡೆಯಿಂದ ಗೇಟಿನವರೆಗೆ ನಾಲ್ಕು ಸಲ ಸೈಕಲ್ ಹೊಡೆದು ತೋರಿಸಬೇಕಾಯಿತು. ಮಗಳು ಸುಣ್ಣದಲ್ಲಿ ಎಳೆದ ಗೆರೆಯಿಂದ ಟೈರು ಅತ್ತಿತ್ತ ಹೋಗಲಿಲ್ಲ. ಮಗಳು ಫೋನ್ ತೆಗೆದು ಕಾವಲಿನವರಿಗೆ ನಾಳೆ ಬರುವುದು ಬೇಡವೆಂದಳು. ಆಮೇಲೆ ತೀರ್ಪು ಹೇಳಿದಳು: “ಸೈಕಲ್ ಇರುತ್ತೆ. ಹಸಿರು ಪೆಟ್ಟಿಗೆ ಇರಲ್ಲ.”

ಪೆಟ್ಟಿಗೆಗೆ ಬೀಗ ಬಿತ್ತು. ಬೀಗದ ಕೈ ಅಳಿಯನ ಜೇಬಿಗೆ ಹೋಯಿತು. ಸ್ಪ್ಯಾನರ್ ಇಲ್ಲದೆ ಫಿಟ್ಟರನಿಗೆ ಆ ರಾತ್ರಿ ಊಟ ರುಚಿಸಲಿಲ್ಲ, ಎರಡು ಸಲ ಬಡಿಸಿಕೊಂಡ ಅಷ್ಟೇ.

ಮರುದಿನ ಹತ್ತಕ್ಕೆ ಐದು ನಿಮಿಷವಿರುವಾಗಲೇ ಅಕ್ಕನ ಬಾಗಿಲು ತಟ್ಟಿದ. ಮಗಳು ಆಗಲೇ ಫೋನಿನಲ್ಲಿ ಎಲ್ಲ ಹೇಳಿದ್ದಳೆಂದು ಅಕ್ಕನ ಮುಖ ನೋಡಿಯೇ ತಿಳಿಯಿತು. ಅವಳು ತುಟಿ ಕಚ್ಚಿಕೊಂಡು ಚಾವಣಿ ನೋಡುತ್ತಿದ್ದಳು. ಫಿಟ್ಟರ್ ಎರಡು ಕಣ್ಣಿಗೂ ಹನಿ ಹಾಕಿದ. ಬಾಟಲಿಯ ಮುಚ್ಚಳ ತಿರುಗಿಸಿ, ಇಷ್ಟು ಸಾಕು ಎನ್ನುವಲ್ಲಿಗೆ ಬೆರಳು ತೆಗೆದ. ಜೀವನದಲ್ಲಿ ಮೊದಲ ಸಲ.

ಅಕ್ಕ ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ಬಾಟಲಿ ತೆಗೆದುಕೊಂಡಳು. ಮುಚ್ಚಳವನ್ನು ಎರಡು ಬೆರಳಲ್ಲಿ ತಿರುಗಿಸಿದಳು. ಅದು ಸಲೀಸಾಗಿ ಬಿಚ್ಚಿಕೊಂಡಿತು.

“ಇದೇನೋ ಇದು?”

“ಸಡಿಲ ಬಿಟ್ಟಿದೀನಿ ಅಕ್ಕ. ಮಳೆ ಗಿಳೆ ಬಂದು ನಾನು ಬರದಿದ್ರೆ ನೀನೇ ಹಾಕ್ಕೋಬಹುದು.”

ಅಕ್ಕ ಕಣ್ಣು ತೆರೆದಳು. ಔಷಧದ ನೀರು ಕೆನ್ನೆಗಿಳಿಯಿತು. ಬಾಟಲಿಯನ್ನು ವಾಪಸು ಅವನ ಕೈಗೆ ತುರುಕಿ, ಇಸ್ಪೀಟಿನ ಕಟ್ಟು ಎಳೆದುಕೊಂಡಳು.

“ಅಷ್ಟೊಂದು ಬುದ್ಧಿ ಕಲೀಬೇಡ” ಎಂದಳು. “ಇನ್ನರ್ಧ ಸುತ್ತು ಹಾಕಿಡು.”